ಅಪ್ಪನಿಗೆ ಮಂಕಿ ಕ್ಯಾಪ್, ಕೂಸಿಗೆ ಕುಲಾವಿ, ತಮ್ಮನಿಗೆ ಕೈಗವಸು: ಎಲ್ಲಾ ಒಂದೇ ದಾರದಲ್ಲಿ ಆಗುತ್ತಾ?

ಕೆಂಪು ಉಂಡೆ

ಎಲ್ಲರಿಗೂ ನಮಸ್ಕಾರ. ದೀಪಾವಳಿ ಮುಗೀತು, ಇನ್ನು ಕೂತು ಹೆಣೆಯೋದೇ ಕೆಲಸ ಅಂತ ಒಂದು ಪಟ್ಟಿ ಮಾಡಿಕೊಂಡಿದ್ದೀನಿ. ಅಪ್ಪ ಹಾಸನದಲ್ಲಿ ಬೆಳಗ್ಗೆ ಐದೂವರೆಗೇ ವಾಕಿಂಗ್ ಹೊರಡ್ತಾರೆ, ಅವರಿಗೆ ಮಂಕಿ ಕ್ಯಾಪ್. ಅಮ್ಮ ಸ್ಕೂಟರಲ್ಲಿ ಸ್ಕೂಲಿಗೆ ಹೋಗೋ ಟೀಚರ್, ಅವರಿಗೆ ಮಫ್ಲರ್. ಅಕ್ಕನಿಗೆ ಜನವರಿಯಲ್ಲಿ ಹೆರಿಗೆ, ಆ ಕೂಸಿಗೆ ಕುಲಾವಿ ಮತ್ತೆ ಕಾಲುಚೀಲ. ತಮ್ಮ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಓದ್ತಿದ್ದಾನೆ, ಅವನಿಗೆ ಟೋಪಿ, ಕೈಗವಸು.

ಅಂಗಡಿಯಲ್ಲಿ ಮರೂನ್ ಬಣ್ಣದ ಉಲ್ಲನ್ ದೊಡ್ಡ ಪ್ಯಾಕೆಟ್ ಸಿಕ್ತು, ತಗೊಂಡಿದ್ದೀನಿ. ಎಲ್ಲರದ್ದೂ ಅದರಲ್ಲೇ ಮುಗಿಸಬಹುದಾ? ಹೆಣಿಗೆಯ ಸೀದಾ (ನಿಟ್), ಉಲ್ಟಾ (ಪರ್ಲ್) ಕುಣಿಕೆ ಎರಡೂ ಬರುತ್ತೆ. ಸದ್ಯ ಅಮ್ಮನ ಮಫ್ಲರ್ ಒಂದು ಗೇಣು ಆಗಿದೆ, ಆದ್ರೆ ಎರಡೂ ಅಂಚು ಸುರುಳಿ ಸುತ್ತಿಕೊಂಡು ಕೊಳವೆ ಥರ ಆಗ್ತಿದೆ. ಮುಗಿದ ಮೇಲೆ ಬಿಸಿ ಇಸ್ತ್ರಿ ಹಾಕಿದ್ರೆ ಸರಿಹೋಗುತ್ತಾ?

ಸುಮ್ನೆ ಓದುಗ

ಹೊಸ ಬಸ್ ಸ್ಟ್ಯಾಂಡ್ ಹತ್ರ ಚಳಿಗಾಲ ಬಂದ್ರೆ ಟಿಬೆಟಿಯನ್ನರು ಸ್ವೆಟರ್ ಅಂಗಡಿ ಹಾಕ್ತಾರಲ್ಲ, ಟೋಪಿ, ಮಫ್ಲರ್, ಗ್ಲೌಸ್ ಎಲ್ಲಾ ಅರ್ಧ ಗಂಟೇಲಿ ಮುಗಿಯುತ್ತೆ. ಚೌಕಾಸಿ ಮಾಡಿದ್ರೆ ದಾರದ ದುಡ್ಡಿಗಿಂತ ಕಡಿಮೆಗೇ ಬರುತ್ತೆ. ಸುಮ್ನೆ ಕೇಳ್ತಿದ್ದೀನಿ, ಬೇಜಾರಾಗಬೇಡಿ.

ಧಾರವಾಡದ ಕಾಕು

ಇಸ್ತ್ರಿ ಮಾತ್ರ ಹಚ್ಚಬ್ಯಾಡ ತಂಗಿ, ಮದಲ ಅದನ್ನ ಹೇಳಿಬಿಡ್ತೀನಿ. ನಮ್ಮ ಅಂಗಡಿಯೊಳಗ ಉಲ್ಲನ್ ಅಂತ ಕೊಡೂದು ಬಹುತೇಕ ಅಕ್ರಿಲಿಕ್. ಅದಕ್ಕ ಬಿಸಿ ತಾಗಿದ್ರ ಉಬ್ಬೆಲ್ಲಾ ಇಳಿದು ಚಪ್ಪಟಿ ಆಗ್ತದ, ಹಿಗ್ಗೂದು ಕುಗ್ಗೂದು ಹೋಗಿಬಿಡ್ತದ, ಮತ್ತ ಏನು ಮಾಡಿದ್ರೂ ಮದಲಿನಂಗ ಆಗೂದಿಲ್ಲ.

ಅಂಚು ಸುತ್ತಿಕೊಳ್ಳೂದು ನಿನ್ನ ಕೈಯಾನ ದೋಷ ಅಲ್ಲ. ಒಂದು ಸಾಲು ಪೂರಾ ಸೀದಾ, ಒಂದು ಸಾಲು ಪೂರಾ ಉಲ್ಟಾ ಹಾಕಿದ್ರ ಬಟ್ಟಿ ಸ್ವಭಾವನ ಹಂಗ. ಪಕ್ಕದ ಅಂಚು ಹಿಂದಕ್ಕ ಸುತ್ತತಾವ, ಕೆಳಗಿನ ಮ್ಯಾಲಿನ ಅಂಚು ಮುಂದಕ್ಕ ಸುತ್ತತಾವ. ಸ್ವೆಟರಿನ್ಯಾಗ ಪಕ್ಕ ಹೊಲೀತೀವಿ, ಕೆಳಗ ಬಾರ್ಡರ್ ಹಾಕ್ತೀವಿ, ಅದಕ್ಕ ಅಲ್ಲಿ ಕಾಣಸೂದಿಲ್ಲ. ಮಫ್ಲರಿಗೆ ಅಂಚೇ ಎಲ್ಲಾ. ಬಿಚ್ಚಿ, ಎರಡು ಸೀದಾ ಎರಡು ಉಲ್ಟಾ ಹಾಕು, ಇಲ್ಲಾ ಎರಡೂ ಕಡೆ ಬರೇ ಸೀದಾನೇ ಹಾಕ್ಕೋತ ಹೋಗು. ಎರಡನೇದರಾಗ ದಾರ ಸ್ವಲ್ಪ ಹೆಚ್ಚು ಹಿಡೀತದ, ಆದ್ರ ದಪ್ಪ ಬರ್ತದ, ಹಿಂದು ಮುಂದು ಒಂದೇ ಥರ ಕಾಣಸ್ತದ. ಅಂಚಿಗೆ ಅಷ್ಟ ನಾಲ್ಕೈದು ಕುಣಿಕಿ ಸೀದಾ ಹಾಕಿ ನಡುವ ಹಂಗ ಬಿಟ್ರ ಮತ್ತ ಮಡಚಿಕೋತದ. ಭಾಳ ಮಂದಿ ಹಂಗ ಹೇಳಿಕೊಡ್ತಾರ, ನನಗ ಅದು ಒಪ್ಪಿಗಿ ಇಲ್ಲ.

ಇನ್ನ ಒಂದೇ ದಾರದ ಮಾತು. ಹಾಕ್ಕೊಳ್ಳೋರು ನಾಲ್ಕು ಥರದವರಿದ್ದಾರ. ದಾರ ಆರಿಸೂಮುಂದ ಬಣ್ಣಾ ಆಮ್ಯಾಲೆ, ಮದಲ ಎರಡು ಕೇಳ್ಕೋ. ಇದನ್ನ ಯಾರು ತೊಳೀತಾರ? ಇದು ಎಲ್ಲಿ ಚುಚ್ಚತದ? ಮರೂನ್ ಪ್ಯಾಕೆಟ್ ಅಮ್ಮಗೂ ಅಪ್ಪಗೂ ಇರಲಿ. ಕೂಸಿಗೆ ಮತ್ತ ತಮ್ಮಗ ಬ್ಯಾರೆ ತಗೋ.

ಸುಮ್ನೆ ಓದುಗ ಅವರ, ಆ ಅಂಗಡಿಯ ಮಾಲು ಬಹುಪಾಲು ಲುಧಿಯಾನದಿಂದ ಬರ್ತದ, ಮಷೀನಿನ ಕೆಲಸ, ಛಲೋನೂ ಇರ್ತದ. ನಮ್ಮ ಹುಬ್ಬಳ್ಳಿಗೂ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಿಂದ ಬರ್ತಾರ, ನಾನೂ ತಗೋತೀನಿ. ಸ್ವೆಟರ್ ಕೊಳ್ಳೂದೇ ಲೇಸು ಅನ್ನಾಕಿ ನಾನು. ಆದ್ರ ಟೋಪಿ ಒಂದೇ ಅಳತಿದು ಬರ್ತದ. ದೊಡ್ಡ ತಲಿಯವರಿಗೆ ಹಣಿ ಮ್ಯಾಲೆ ಗೆರಿ ಬೀಳ್ತದ, ಸಣ್ಣ ತಲಿಯವರಿಗೆ ಕಣ್ಣಿನ ಮ್ಯಾಲೆ ಇಳೀತದ. ಮನ್ಯಾಗ ಹೆಣಿದ್ರ ಆ ತಾಪತ್ರಯ ಇಲ್ಲ.

ಚಳ್ಳಕೆರೆ ಕುರಿಮಂದೆ

ಕಾಕು ಹೇಳಿದ್ದು ನಿಜ. ಪ್ಯಾಕೆಟ್ಟಲ್ಲಿರೋದು ಉಣ್ಣೆನಾ ಅಕ್ರಿಲಿಕ್ಕಾ ಅಂತ ನೋಡೋಕೆ ಬೆರಳುದ್ದ ದಾರ ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಕಡ್ಡಿ ಗೀರಿ ನೋಡಿ. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದ್ರೆ ತಾನೇ ಆರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಅಕ್ರಿಲಿಕ್ ಆದ್ರೆ ಕರಗಿ ಉರೀತಾ ಹೋಗುತ್ತೆ, ಕೊನೇಲಿ ಕಪ್ಪು ಗಟ್ಟಿ ಮಣಿ ಉಳಿಯುತ್ತೆ. ಆ ಮಣಿ ಆರೋ ತನಕ ಮುಟ್ಟಬೇಡಿ.

ಇದರಿಂದಲೇ ಇನ್ನೊಂದು ಮಾತು. ನಿಮ್ಮ ತಂದೆ ಬೆಳಗ್ಗೆ ಹಂಡೆ ಒಲೆಗೆ ಸೌದೆ ತುಂಬೋರಾ? ಹಳ್ಳಿ ಕಡೆ ಗಂಡಸರು ಮಂಕಿ ಕ್ಯಾಪಲ್ಲೇ ಒಲೆ ಊದ್ತಾ ಕೂತಿರ್ತಾರೆ. ಅಕ್ರಿಲಿಕ್‌ಗೆ ಕಿಡಿ ಹತ್ತಿದ್ರೆ ಕರಗಿ ಚರ್ಮಕ್ಕೇ ಅಂಟುತ್ತೆ. ಬಾಣಂತಿ ಕೋಣೆ ಅಗ್ಗಿಷ್ಟಿಕೆ ಹತ್ರ ಕೂಸಿನ ಕುಲಾವಿಗೂ ಇದೇ ಮಾತು.

ಇನ್ನು "ನಮ್ಮೂರ ಉಣ್ಣೆ ಇರುವಾಗ ಹೊರಗಿಂದ ಯಾಕೆ" ಅಂತ ಯಾರಾದರೂ ಕೇಳೋ ಮುಂಚೆ ನಾನೇ ಹೇಳ್ತೀನಿ. ನಮ್ಮ ಡೆಕ್ಕನಿ ಕುರಿ ಉಣ್ಣೆ ಒರಟು. ಹುಣಸೆ ಬೀಜದ ಗಂಜಿ ಹಾಕಿ ಗುಂಡಿಮಗ್ಗದಲ್ಲಿ ನೇಯ್ದ ಕಂಬಳಿಗೆ ಸಮ ಇಲ್ಲ, ಕೊಪ್ಪೆ ಮಾಡಿ ಹೊದ್ದರೆ ಸೋನೆ ಮಳೇಲೂ ಕುರಿ ಕಾಯಬಹುದು. ಆದ್ರೆ ಅದೇ ನೂಲಲ್ಲಿ ಟೋಪಿ ಹೆಣೆದು ಕೊಟ್ರೆ ನಿಮ್ಮ ತಂದೆ ವಾಕಿಂಗ್ ಬಿಟ್ಟು ಹಣೆ ಕೆರ್ಕೊಂಡು ನಿಂತಿರ್ತಾರೆ. ಮೈಗೆ ತಾಗೋದಕ್ಕೆ ಮೆರಿನೊ ಕುರಿ ಉಣ್ಣೆ ಥರದ್ದೇ ಬೇಕು, ಅದರ ಎಳೆ 24 ಮೈಕ್ರಾನಿಗಿಂತ ಸಣ್ಣ (ಮೈಕ್ರಾನ್ ಅಂದ್ರೆ ಮಿ.ಮೀ.ನಲ್ಲಿ ಸಾವಿರದ ಒಂದು ಭಾಗ). ಎಳೆ ದಪ್ಪ ಆದಷ್ಟೂ ತುದಿ ಬಾಗಲ್ಲ, ಚರ್ಮಕ್ಕೆ ನೆಟ್ಟಗೆ ಚುಚ್ಚುತ್ತೆ. ಕುರುಬರ ಹುಡುಗ ನಾನು, ಅಭಿಮಾನ ಇದೆ, ಆದ್ರೆ ಕಿವಿ ಕಿವಿಯೇ.

ಕೆಂಪು ಉಂಡೆ

ಸುಟ್ಟು ನೋಡಿದೆ. ಕಪ್ಪು ಮಣಿ! ಅಪ್ಪ ಹಂಡೆ ಒಲೆ ಬಿಟ್ಟು ಬಹಳ ಕಾಲ ಆಯ್ತು, ಈಗ ಗೀಸರ್. ಹಾಗಾಗಿ ಅಪ್ಪನಿಗೆ ಮರೂನೇ ಇರಲಿ. ಮಫ್ಲರ್ ಬಿಚ್ಚಿ ಉಂಡೆ ಸುತ್ತಿದ್ದೀನಿ. ತಮ್ಮನಿಗೆ ಮೆರಿನೊ ತಗೊಳ್ಳಲಾ?

ಹಿಮದೂರಿನವ

ನಾನೂ ಮಿನಿಯಾಪೊಲಿಸ್ ಇರೋ ಮಿನ್ನೆಸೋಟ ರಾಜ್ಯದಲ್ಲೇ ಇರೋದು, ಅದಕ್ಕೇ ಬರೀತಿದ್ದೀನಿ. ಇಲ್ಲಿ ಜನವರಿ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗೋದು ಅಪರೂಪವೇನಲ್ಲ. ಬೆಂಗಳೂರಿನ ದಾಖಲೆ ಚಳಿ 1884ರ ಜನವರಿಯ 7.8 ಡಿಗ್ರಿ. ಇಲ್ಲಿ ಅಷ್ಟಿದ್ರೆ ಹುಡುಗರು ಚಡ್ಡಿ ಹಾಕ್ಕೊಂಡು ಓಡಾಡ್ತಾರೆ. ಆ ಲೆಕ್ಕ ಇಟ್ಕೊಂಡು ಹೆಣೆಯಿರಿ.

ಹೆಣಿಗೆ ಬೆಚ್ಚಗಿರೋದು ಅದರೊಳಗೆ ಸಿಕ್ಕಿಬಿದ್ದ ಗಾಳಿಯಿಂದ. ಹೊರಗೆ ಗಾಳಿ ಬೀಸಿದ್ರೆ ಕುಣಿಕೆಗಳ ಸಂದಿಯಿಂದ ಆ ಬೆಚ್ಚನೆ ಗಾಳಿ ಹೊರಟುಹೋಗುತ್ತೆ. ಅದಕ್ಕೆ ಒಂಟಿ ಪದರದ ಟೋಪಿ ಇಲ್ಲಿ ಶೋಕಿಗೆ ಸರಿ. ಅಂಚು ಉದ್ದ ಮಾಡಿ, ಕಿವಿ ಮೇಲೆ ಎರಡು ಪದರ ಬರೋ ಹಾಗೆ ಮಡಚಿಕೊಳ್ಳಲಿ. ಒಳಗಡೆ ಕಿವಿ ಮಟ್ಟಕ್ಕೆ ಫ್ಲೀಸ್ ಬಟ್ಟೆ ಪಟ್ಟಿ ಕೈಹೊಲಿಗೆ ಹಾಕಿದ್ರೆ ಇನ್ನೂ ಒಳ್ಳೇದು. ಕೈಗವಸು ಐದು ಬೆರಳಿಂದು ಬೇಡ. ಹೆಬ್ಬೆರಳು ಒಂದು ಕಡೆ, ಮಿಕ್ಕ ನಾಲ್ಕು ಒಟ್ಟಿಗೆ ಇರೋದು ಮಾಡಿ. ಬೆರಳುಗಳು ಒಂದಕ್ಕೊಂದು ಶಾಖ ಕೊಟ್ಟುಕೊಳ್ಳುತ್ತೆ. ಮಣಿಕಟ್ಟಿನ ಪಟ್ಟಿ 7 ಸೆಂ.ಮೀ. ಆದರೂ ಇರಲಿ, ಜಾಕೆಟ್ ತೋಳಿನ ಒಳಗೆ ಹೋಗಬೇಕು.

ಉಣ್ಣೆಯ ಇನ್ನೊಂದು ಗುಣ, ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿದ್ರೂ ಒದ್ದೆ ಅನ್ನಿಸಲ್ಲ. ಬಸ್ಸಿಗೆ ಓಡಿ, ಬೆವೆತು, ಆಮೇಲೆ ಸ್ಟಾಪಲ್ಲಿ ನಿಂತಾಗ ಅಕ್ರಿಲಿಕ್ ಟೋಪಿ ಒಳಗೆ ತಣ್ಣಗೆ ಅಂಟುತ್ತೆ. ಆದ್ರೆ ಓದೋ ಹುಡುಗ ಅಂದ್ರಲ್ಲ, ಬಟ್ಟೆ ಎಲ್ಲಾ ಒಟ್ಟಿಗೆ ವಾಷಿಂಗ್ ಮಷೀನಿಗೆ, ಅಲ್ಲಿಂದ ಡ್ರೈಯರಿಗೆ. ಸಾದಾ ಉಣ್ಣೆ ಬಿಸಿನೀರು, ಸೋಪು, ಉಜ್ಜಾಟಕ್ಕೆ ಸಿಕ್ಕಿದ್ರೆ ಎಳೆ ಮೇಲಿನ ಪೊರೆಗಳು ಒಂದಕ್ಕೊಂದು ಕಚ್ಚಿಕೊಂಡು ಬಿಗಿಯಾಗಿ ಕುಗ್ಗುತ್ತೆ, ಟೋಪಿ ಆಮೇಲೆ ಗೊಂಬೆಗೇ ಆಗೋದು. ಲೇಬಲ್ ಮೇಲೆ ಸೂಪರ್‌ವಾಶ್ ಅಂತ ಇರೋ ಮೆರಿನೊ ತಗೊಳ್ಳಿ, ಮಷೀನಿಗೆ ತಡೆಯುತ್ತೆ. ಡ್ರೈಯರಿಗೆ ಮಾತ್ರ ಹಾಕಬೇಡ ಅಂತ ಹೇಳಿಡಿ.

ಮತ್ತೆ, ಇಂಟರ್ನೆಟ್ಟಿನಲ್ಲಿ ಅಮೆರಿಕದ ಪ್ಯಾಟರ್ನ್ ನೋಡಿ ಹೆಣೆಯೋದಾದ್ರೆ ಕಡ್ಡಿ ನಂಬರ್ ಹುಷಾರು. ನಮ್ಮಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣ, ಇಲ್ಲಿ ನಂಬರ್ ಹೆಚ್ಚಿದಷ್ಟೂ ದಪ್ಪ. ನಮ್ಮ 8 ಅಂದ್ರೆ 4 ಮಿ.ಮೀ., ಇಲ್ಲಿನ 8 ಅಂದ್ರೆ 5 ಮಿ.ಮೀ. ನಮ್ಮ 10 ನಂಬರ್ 3.25, ಇಲ್ಲಿನ 10 ನಂಬರ್ 6! ಯಾವಾಗಲೂ ಮಿ.ಮೀ. ನೋಡಿ.

ಮಂಗಳೂರು ಮಲ್ಲಿಗೆ

ನಮ್ಮ ಕಡೆ ಚಳಿಗಾಲ ಅಂದ್ರೆ ಫ್ಯಾನ್ ಎರಡಕ್ಕೆ ಇಳಿಸುವುದು ಮಾರಾಯ್ರೆ, ಆದ್ರೂ ಅತ್ತೆ ಮನೆ ಮಡಿಕೇರಿ ಆದ ಕಾರಣ ಹೆಣಿಗೆ ಕಲಿಯಬೇಕಾಯ್ತು. ಅಮ್ಮನ ವಿಷಯಕ್ಕೆ ಒಂದು ಹೇಳ್ತೇನೆ. ಸ್ಕೂಟರಿಗೆ ಉದ್ದ ಮಫ್ಲರ್ ಬೇಡವೇ ಬೇಡ. ದುಪಟ್ಟಾ, ಸೆರಗು ಚಕ್ರಕ್ಕೆ ಸಿಕ್ಕಿ ಆಗುವ ಅನಾಹುತ ನಾವು ಪೇಪರಿನಲ್ಲಿ ಓದುವುದಿಲ್ವಾ? ಅದರ ಬದಲು ಗಿಡ್ಡ ಮಾಡಿ, ಎರಡೂ ತುದಿ ಕೂಡಿಸಿ ಹೊಲಿದು ಬಳೆಯ ಹಾಗೆ ಕುತ್ತಿಗೆಗೆ ಹಾಕುವ ಥರ ಮಾಡಿ. ಸುತ್ತಳತೆ 60 ಸೆಂ.ಮೀ., ಎತ್ತರ 25 ಸೆಂ.ಮೀ. ಇದ್ರೆ ಗಲ್ಲದವರೆಗೆ ಎಳೆದುಕೊಳ್ಳಬಹುದು. ನೇತಾಡುವ ತುದಿಯೇ ಇಲ್ಲ. ಮುದ್ದೆ ಮಾಡಿ ವ್ಯಾನಿಟಿ ಬ್ಯಾಗಿಗೆ ಹಾಕಿದ್ರೆ ಆಯ್ತು.

ಮತ್ತೆ ಹೆಲ್ಮೆಟ್ಟಿನ ಒಳಗೆ ದಪ್ಪ ಟೋಪಿ ಹಾಕುವವರಿದ್ದಾರೆ. ಟೋಪಿ ಸಮೇತ ಹೆಲ್ಮೆಟ್ ಹಿಡಿದ ಹಾಗೆ ಕಾಣ್ತದೆ, ಆದ್ರೆ ಬಿದ್ದಾಗ ಜಾರ್ತದೆ. ಅಮ್ಮನಿಗೆ ಟೋಪಿ ಹೆಣೆಯಲು ಹೋಗಬೇಡಿ.

ಕೆಂಪು ಉಂಡೆ

ಇದು ನಂಗೆ ಹೊಳೆದೇ ಇರಲಿಲ್ಲ! ಮಫ್ಲರ್ ಬಿಚ್ಚಿದ್ದೂ ಒಳ್ಳೇದೇ ಆಯ್ತು. ಇನ್ನು ಅಪ್ಪನ ತಲೆ ಟೇಪಲ್ಲಿ ಅಳೆದೆ, 56 ಸೆಂ.ಮೀ. ("ಶವಸಂಸ್ಕಾರಕ್ಕಾ?" ಅಂತ ಕೇಳಿದ್ರು, ಅಮ್ಮ ಬೈದ್ರು.) ಎಷ್ಟು ಕುಣಿಕೆ ಹಾಕಲಿ?

ಧಾರವಾಡದ ಕಾಕು

ಅಪ್ಪಾರ ಮಾತು ಕೇಳಿ ನಕ್ಕು ಸಾಕಾತು.

ಮದಲ ಒಂದು ಮಾದರಿ ತುಂಡು ಹಾಕು, ಅಂಗೈಗಿಂತ ದೊಡ್ಡದು. ತೊಳದು, ಒಣಗಿಸಿ, ನಡುವ 10 ಸೆಂ.ಮೀ. ಒಳಗ ಎಷ್ಟು ಕುಣಿಕಿ ಬರ್ತಾವ ಎಣಸು. ಅಂಚಿನ ಕುಣಿಕಿ ಎಣಸಬ್ಯಾಡ. 8 ನಂಬರ್ ಕಡ್ಡಿ, ಮಧ್ಯಮ ದಪ್ಪದ ದಾರ ಇದ್ರ ಸುಮಾರು 22 ಬರ್ತಾವ. ನಿನ್ನ ಕೈ ಬಿಗಿ ಇದ್ರ 24 ಬಂದೀತು, ಆವಾಗ ಕಡ್ಡಿ ಬದಲಸು, ಕೈ ಬದಲಸಾಕ ಹೋಗಬ್ಯಾಡ.

ಟೋಪಿ ತಲಿಗಿಂತ 5 ಸೆಂ.ಮೀ. ಸಣ್ಣ ಇರಬೇಕು, ಹಿಗ್ಗಿ ಕೂಡ್ತದ. 56ರಾಗ 5 ಕಳದ್ರ 51. ಒಂದು ಸೆಂ.ಮೀ.ಗೆ 2.2 ಅಂದ್ರ 112. ನಾಲ್ಕರಿಂದ ಭಾಗ ಆಗ್ತದ, ಎರಡು ಸೀದಾ ಎರಡು ಉಲ್ಟಾಕ್ಕ (ಇದಕ್ಕ ರಿಬ್ ಅಂತಾರ) ಸರಿ ಕೂಡ್ತದ.

ಕುತಗಿಯಿಂದ ಶುರು ಮಾಡು. ಮದಲನೇ ಕುಣಿಕಿ ಸಾಲು ಎರಡು ಕಡ್ಡಿ ಜೋಡಿಸಿ ಹಿಡದು ಹಾಕು, ಸಡಲ ಬರ್ತದ. ಇದು ಬಿಗಿ ಆತಂದ್ರ ತಲಿ ಒಳಗ ತೂರೂದಿಲ್ಲ, ಮಂಕಿ ಕ್ಯಾಪ್ ಕೆಡೂದೇ ಇಲ್ಲಿ. ವೈರಿನ ಗುಂಡು ಕಡ್ಡಿ ಇದ್ರ ಸುತ್ತ ಹಾಕ್ಕೋತ ಹೋಗು. ಬರೇ ಎರಡು ಕಡ್ಡಿ ಇದ್ರ 114 ಹಾಕಿ ಅಡ್ಡಡ್ಡ ಹೆಣಿ, ಕೊನಿಗೆ ತಲಿ ಹಿಂದ ಹೊಲಿಗಿ ಬರ್ತದ, ಆ ಎರಡು ಕುಣಿಕಿ ಹೊಲಿಗ್ಯಾಗ ಹೋಗ್ತಾವ. 14-15 ಸೆಂ.ಮೀ. ರಿಬ್ ಆದ ಮ್ಯಾಲೆ ಮುಂದಿನ 28 ಕುಣಿಕಿ ಒಂದು ಬ್ಯಾರೆ ದಾರಕ್ಕ ಪೋಣಿಸಿ ಬಿಟ್ಟುಬಿಡು. ಅದು ಬಾಯಿ. ಉಳಿದದ್ದನ್ನ ಹಿಂದ ಮುಂದ ಹೆಣಕೋತ 12 ಸೆಂ.ಮೀ. ಹೋಗು. ಆಮ್ಯಾಲೆ ಹಣಿ ಮ್ಯಾಲೆ 28 ಹೊಸ ಕುಣಿಕಿ ಹಾಕಿ ಮತ್ತ ಸುತ್ತ ಕೂಡಸು. ಮೂರು ಬೆರಳು ಎತ್ತರ ಸೀದಾ ಹೋಗಿ, 14ರ 8 ಭಾಗ ಮಾಡು. ಒಂದು ಸುತ್ತು ಬಿಟ್ಟು ಒಂದು ಸುತ್ತಿನ್ಯಾಗ ಪ್ರತಿ ಭಾಗದ ಕೊನಿಗೆ ಎರಡು ಕುಣಿಕಿ ಕೂಡಿಸಿ ಒಂದು ಮಾಡು. 8 ಉಳಿದಾಗ ದಾರ ಕತ್ತರಿಸಿ ಅವುಗಳೊಳಗ ತೂರಿಸಿ ಎಳಿ. ಕಡೀಕ ಮುಖದ ಸುತ್ತ ಕುಣಿಕಿ ಎತ್ತಿಕೊಂಡು ಎರಡು ಬೆರಳು ರಿಬ್ ಹಾಕು, ಸಡಲ ಮುಚ್ಚು. ಬಿಟ್ಟಿದ್ದ 28 ಇಲ್ಲೇ ಸೇರ್ತಾವ.

ಚಷ್ಮಾ ಹಾಕ್ಕೋತಾರಂದ್ರ ಬಾಯಿ 12ರ ಬದಲಿ 13 ಸೆಂ.ಮೀ. ಮಾಡು. ಉಸಿರು ಚಷ್ಮಾಕ್ಕ ಹತ್ತಿ ಮಂಜು ಕಟ್ಟತದಂತ ನಮ್ಮನಿಯವರು ಮೂಗಿನ ಕೆಳಗ ಎಳಕೊಂಡ ತಿರಗತಾರ.

ದಾದಿ

ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡ್ತೀನಿ, ಕೂಸಿನ ಬಗ್ಗೆ ನಾನು ಹೇಳ್ತೀನಿ.

ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆ ಸುಮಾರು 35 ಸೆಂ.ಮೀ., ಮೂರು ತಿಂಗಳಿಗೆ 40 ಹತ್ತಿರ ಆಗುತ್ತೆ. ಹುಟ್ಟಿದ ದಿನದ ಅಳತೆಗೆ ಹೆಣೆದ್ರೆ ನಾಮಕರಣದ ಫೋಟೋಗೂ ಆಗಲ್ಲ. 40ಕ್ಕೆ ಮಾಡಿ. ಹುಟ್ಟಿದ ತಕ್ಷಣಕ್ಕೆ ಬಟ್ಟೆ ಟೋಪಿ ಆಸ್ಪತ್ರೆಯಲ್ಲೇ ಹಾಕ್ತಾರೆ.

ಗಲ್ಲದ ಕೆಳಗೆ ಕಟ್ಟೋ ಲಾಡಿ ಬೇಡ. ಚೆಂದ ಕಾಣುತ್ತೆ ಅಂತ ಎಲ್ಲರೂ ಸ್ಯಾಟಿನ್ ರಿಬ್ಬನ್ ಹಾಕ್ತಾರೆ, ಕುತ್ತಿಗೆಗೆ ಬಿಗಿಯೋದೇ ಅದು. ಗುಂಡಿ, ಮಣಿ, ಮೇಲೆ ಕುಚ್ಚು ಕೂಡ ಬೇಡ, ಕಿತ್ತು ಬಾಯಿಗೆ ಹಾಕ್ಕೊಳ್ಳುತ್ತೆ. ಕಾಲುಚೀಲದ ಒಳಗೆ ದಾರದ ತುದಿ ಒಂದೂ ಉಳಿಯಬಾರದು. ಕೂದಲೆಳೆಯಷ್ಟು ದಾರ ಕಾಲ್ಬೆರಳಿಗೆ ಸುತ್ತಿಕೊಂಡ್ರೂ ರಕ್ತ ಓಡೋದು ನಿಲ್ಲುತ್ತೆ, ಮಗು ಯಾಕೆ ಅಳ್ತಿದೆ ಅಂತ ಯಾರಿಗೂ ಗೊತ್ತಾಗಲ್ಲ. ಚೀಲ ಒಳಗಿಂದ ಹೊರಗೆ ಮಗುಚಿ, ಬೆರಳಾಡಿಸಿ ನೋಡಿ. ಜುಂಜು ಜುಂಜು ದಾರ ಬೇಡ, ರೋಮ ಬಾಯಿಗೆ ಹೋಗುತ್ತೆ.

ಇನ್ನೊಂದು ಅಜ್ಜಿಯರಿಗೆ ಸಿಟ್ಟು ಬರೋ ಮಾತು. ಮನೆಯೊಳಗೆ ಮಲಗಿದ ಮಗುವಿಗೆ ಟೋಪಿ ತೆಗೀರಿ. ಎಳೆಮಕ್ಕಳ ಮೈ ಶಾಖ ಹೆಚ್ಚಾದಾಗ ತಲೆಯಿಂದಲೇ ಹೊರಗೆ ಹೋಗಬೇಕು, ಮುಖದ ಮೇಲೆ ಜಾರಿದ್ರೆ ಅದೂ ಅಪಾಯ. ಚಳಿ ಆಗ್ತಿದೆಯಾ ಅಂತ ಕೈ ಕಾಲು ಮುಟ್ಟಿ ನೋಡೋದಲ್ಲ, ಅವು ತಣ್ಣಗೇ ಇರುತ್ತೆ. ಎದೆ ಅಥವಾ ಕತ್ತಿನ ಹಿಂದೆ ಮುಟ್ಟಿ. ಕುಲಾವಿ ಹೊರಗೆ ಕರ್ಕೊಂಡು ಹೋಗುವಾಗ ಹಾಕಿ.

ಧಾರವಾಡದ ಕಾಕು

ನಾ ಅಜ್ಜಿನ ಇದ್ದೀನಿ, ಸಿಟ್ಟು ಬರಲಿಲ್ಲ. ಲಾಡಿ ಬದಲಿ ಕಿವಿ ಕೆಳಗಿನ ತನಕ ಇಳಿಯೂ ಹಂಗ ರಿಬ್ ಹಾಕಿದ್ರ ತಾನ ಹಿಡಕೋತದ. ಕೂಸಿಗೆ ಬೇಬಿ ದಾರ ಅಂತ ಸಿಗತದಲ್ಲ, ಮೆತ್ತಗಿಂದು, 10 ನಂಬರ್ ಕಡ್ಡಿಗೆ 10 ಸೆಂ.ಮೀ.ಗೆ 28 ಕುಣಿಕಿ. 40ಕ್ಕ 3 ಕಳದು 37, ಅಂದ್ರ 104. ಅಗ್ಗಿಷ್ಟಿಕಿ ಇಡೂ ಮನಿಯಾಗಿದ್ರ ಮೆತ್ತನ ಮೆರಿನೊ ದಾರದ್ದ ಹಾಕು.

ಅವೆನ್ಯೂ ರೋಡ್ ಅಲೆಮಾರಿ

ಬೆಂಗಳೂರಿಗೆ ಬಂದಾಗ ಅವೆನ್ಯೂ ರೋಡಿನ ರಾಜಾ ಮಾರ್ಕೆಟ್‌ಗೆ ಒಂದು ಸುತ್ತು ಬನ್ನಿ. ಲೇಸು, ಗುಂಡಿ, ದಾರ ಎಲ್ಲಾ ಅಲ್ಲೇ. ಭಾನುವಾರ ಹೋಗಿ ಬಾಗಿಲು ನೋಡ್ಕೊಂಡು ಬರಬೇಡಿ ಅಷ್ಟೇ.

ಒಂದು ವಿಷಯ ಯಾರೂ ಹೇಳಲಿಲ್ಲ. ದಾರದ ಲೇಬಲ್ ಮೇಲೆ ಶೇಡ್ ನಂಬರ್ ಜೊತೆ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ಕಂತಿನ ಗುರುತು) ಅಂತ ಇರುತ್ತೆ. ಶೇಡ್ ಒಂದೇ ಆಗಿ ಲಾಟ್ ಬೇರೆ ಆದ್ರೆ ಅಂಗಡಿ ಟ್ಯೂಬ್‌ಲೈಟ್ ಕೆಳಗೆ ಗೊತ್ತಾಗಲ್ಲ, ಬಿಸಿಲಿಗೆ ಬಂದ ಕೂಡ್ಲೇ ಟೋಪಿ ನಡುವೆ ಗೆರೆ ಎಳೆದ ಹಾಗೆ ಕಾಣುತ್ತೆ. ದೊಡ್ಡವರ ಟೋಪಿಗೆ 80-100 ಗ್ರಾಂ, ಮಂಕಿ ಕ್ಯಾಪಾದ್ರೆ 120 ಇಟ್ಕೊಳ್ಳಿ, ಒಂದು ಉಂಡೆ ಹೆಚ್ಚಿಗೆ ತಗೊಳ್ಳಿ. ಮಿಕ್ಕಿದ್ದು ರಫೂಗೆ ಬೇಕಾಗುತ್ತೆ.

ಸುಮ್ನೆ ಓದುಗ

ಎರಡು ದಿನದಿಂದ ಓದ್ತಾ ಇದ್ದೀನಿ. ಅಭಿಪ್ರಾಯ ಬದಲಾಗಿಲ್ಲ, ಟೋಪಿಗೆ ಇಷ್ಟು ಲೆಕ್ಕ ಹಾಕೋಕೆ ನನ್ನಿಂದಾಗಲ್ಲ. ಆದ್ರೆ ಮನೇಲಿ ಅಜ್ಜಿ ಹೆಣೆದ ಹಳೇ ಉಣ್ಣೆ ಶಾಲು ಇದೆ, ಅಲ್ಲಲ್ಲಿ ತೂತು. ಪೆಟ್ಟಿಗೇಲಿ ನುಸಿಗುಳಿಗೆ ಇಡ್ತಾನೇ ಇದ್ದೀವಿ. ಮತ್ಯಾಕೆ?

ಚಳ್ಳಕೆರೆ ಕುರಿಮಂದೆ

ಉಣ್ಣೆ ತಿನ್ನೋದು ಹಾರಾಡೋ ನುಸಿ ಅಲ್ಲ, ಅದರ ಮರಿಹುಳ. ಬೆವರು, ಎಣ್ಣೆ ಜಿಡ್ಡು ಇರೋ ಕಡೆ ಮೊದಲು ಬಾಯಿ ಹಾಕುತ್ತೆ. ತೊಳೆಯದೆ ಎತ್ತಿಟ್ಟರೆ ಗುಳಿಗೆ ಇಟ್ಟ ಮಾತ್ರಕ್ಕೆ ಸಾಲದು. ತಣ್ಣೀರಲ್ಲಿ ಹಿಂಡದೆ ತೊಳೆದು, ಟವೆಲ್ ಮೇಲೆ ಮಲಗಿಸಿ ಒಣಗಿಸಿ. ಹಗ್ಗಕ್ಕೆ ನೇತುಹಾಕಿದ್ರೆ ಜೋತು ಬೀಳುತ್ತೆ. ಆಮೇಲೆ ಬಿಸಿಲಿಗೆ ಕೊಡವಿ, ಬೇವಿನೆಲೆ ಜೊತೆ ಬಾಯಿಕಟ್ಟಿದ ಚೀಲದಲ್ಲಿಡಿ. ಅಜ್ಜಿ ಶಾಲನ್ನ ಬಿಸಾಕಬೇಡಿ, ತೂತಿನ ಸುತ್ತ ಗಟ್ಟಿ ಇದ್ರೆ ರಫೂ ಆಗುತ್ತೆ.

ಕೆಂಪು ಉಂಡೆ

ಅಪ್ಪನ ಟೋಪಿ ಕುತ್ತಿಗೆ ದಾಟಿ ಮುಖದ ಹತ್ರ ಬಂದಿದೆ. ತಮ್ಮನಿಗೆ ಸೂಪರ್‌ವಾಶ್ ಬೂದು ಬಣ್ಣ ತರಿಸಿದೆ. ವಿಡಿಯೋ ಕಾಲಲ್ಲಿ ಅವನ ಅಂಗೈ ಸುತ್ತ ಅಳತೆ ತಗೊಂಡೆ, 20 ಸೆಂ.ಮೀ. ಹೆಬ್ಬೆರಳ ಹತ್ರ ಏನು ಮಾಡೋದು ಅನ್ನೋದೇ ತಿಳೀತಿಲ್ಲ. ಬರೀ ತೂತು ಬಿಟ್ರೆ ಆಗಲ್ವಾ?

ಹಿಮದೂರಿನವ

ತೂತು ಬಿಟ್ಟು ಹೆಣೆದ ಕೈಗವಸು ನನ್ನ ಹತ್ರ ಇದೆ. ಸ್ಟಿಯರಿಂಗ್ ಹಿಡಿದ ಕೂಡ್ಲೇ ಅಂಗೈ ಎಳೆದು ಮಣಿಕಟ್ಟು ಬಯಲಾಗುತ್ತೆ.

ಧಾರವಾಡದ ಕಾಕು

20ಕ್ಕ 2.2 ಅಂದ್ರ 44 ಕುಣಿಕಿ. ಮಣಿಕಟ್ಟು ರಿಬ್ ಮುಗದ ಮ್ಯಾಲೆ ಒಂದು ಕುಣಿಕಿಗೆ ಗುರ್ತು ಹಾಕು. ಪ್ರತಿ ಮೂರನೇ ಸುತ್ತಿಗೆ ಅದರ ಆಚಿಗೊಂದು ಈಚಿಗೊಂದು ಹೆಚ್ಚಸು. 1 ಇದ್ದದ್ದು 3, 5, 7 ಹಿಂಗ 15 ಆಗೂ ತನಕ. ಹೆಬ್ಬಟ್ಟಿನ ಬುಡಕ್ಕ ಮುಕ್ಕೋನ ಬರ್ತದ. ಆ 15 ಬ್ಯಾರೆ ದಾರಕ್ಕ ಬಿಟ್ಟು, ಅಲ್ಲಿ ಒಂದು ಹೊಸ ಕುಣಿಕಿ ಹಾಕಿ ಮತ್ತ 44ರಾಗ ಮುಂದ ಹೋಗು. ಕಿರಿಬೆರಳು ಮುಚ್ಚಿದ ಮ್ಯಾಲೆ ಎರಡೂ ಪಕ್ಕ ಕಡಿಮಿ ಮಾಡ್ಕೋತ ಮುಗಸು. ಹೆಬ್ಬಟ್ಟು ಕಡೀಕ. ಈ ಥರಾ ಮಾಡಿದ್ರ ಎಡ ಬಲ ಅಂತ ಇಲ್ಲ, ಎರಡೂ ಒಂದೇ.

ಮಂಗಳೂರು ಮಲ್ಲಿಗೆ

ಕಾಕು, ನಿಮ್ಮ ಮಂಕಿ ಕ್ಯಾಪ್ ಲೆಕ್ಕ ಬರೆದಿಟ್ಟುಕೊಂಡೆ. ಮಾವನವರ ತಲೆ 58 ಸೆಂ.ಮೀ. ನಿಮ್ಮ ಲೆಕ್ಕದಲ್ಲಿ 116 ಬರ್ತದೆ, ನಾಲ್ಕರಿಂದ ಭಾಗ ಆಗ್ತದೆ, ಆದ್ರೆ ತುದಿಯಲ್ಲಿ 8 ಭಾಗ ಮಾಡ್ಲಿಕ್ಕೆ ಆಗುವುದಿಲ್ವಲ್ಲ?

ಧಾರವಾಡದ ಕಾಕು

ತುದಿ ಶುರು ಮಾಡೂ ಮದಲ ಒಂದು ಸುತ್ತಿನ್ಯಾಗ 29ಕ್ಕ ಒಂದರಂಗ ನಾಲ್ಕು ಕಡಿ ಕಡಿಮಿ ಮಾಡ್ರಿ. 112 ಆಗ್ತದ, ಮುಂದ ಅದೇ ಲೆಕ್ಕ.